ಬಿಳಿ ಲ್ಯಾವೆಂಡರಿನ ಬೇರು

ಬೆರಳನ್ನು ಎರಡು ಗೆಣ್ಣು ಮುಳುಗುವಷ್ಟು ಮಣ್ಣಿನೊಳಗೆ ಇಳಿಸಿ ಕೋಕಿಲಾ ಸ್ವಲ್ಪ ಹೊತ್ತು ಹಾಗೆಯೇ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಮಣ್ಣು ಒದ್ದೆಯಾಗಿತ್ತು. ನೀರು ಹಾಕಿ ವಾರದ ಮೇಲಾಗಿತ್ತು, ಒದ್ದೆಯಾಗಿರಬಾರದಿತ್ತು. ಬೆರಳನ್ನು ಹೊರಗೆ ತೆಗೆದು ಮೂಗಿನ ಹತ್ತಿರ ತಂದಳು. ಏನೂ ಇರಲಿಲ್ಲ. ಏನೂ ಇರುವುದಿಲ್ಲವೆಂದು ಗೊತ್ತಿದ್ದೂ ದಿನಕ್ಕೆ ಹತ್ತು ಸಲ ಹೀಗೆ ಯಾವುದನ್ನಾದರೂ ಮೂಗಿಗೆ ಹಿಡಿಯುವ ಚಾಳಿ ನಾಲ್ಕು ವರ್ಷವಾದರೂ ಬಿಟ್ಟುಹೋಗಿರಲಿಲ್ಲ. ಗಿಡ ತಲೆ ಬಾಗಿಸಿತ್ತು. ಬೂದು ಹಸಿರಿನ ಸಣ್ಣ ಎಲೆಗಳಲ್ಲಿ ಬುಡದ ಕಡೆಯವು ಹಳದಿಯಾಗಿ, ಮುಟ್ಟಿದರೆ ಉದುರುತ್ತಿದ್ದವು. ತುದಿಗಳಲ್ಲಿ ಮಾತ್ರ ಜೀವ ಉಳಿದಿತ್ತು, ಮೂರು ಕಡ್ಡಿಗಳ ಮೇಲೆ ಬಿಳಿ ಹೂವೂ ಇತ್ತು. ನೋಡಿದವರು ಬಾಯಾರಿದೆ ಅಂದುಕೊಂಡು ಒಂದು ಚೊಂಬು ನೀರು ಸುರಿಯುತ್ತಿದ್ದರು. ಆದರೆ ಲ್ಯಾವೆಂಡರ್ ನೀರು ಹೆಚ್ಚಾದರೂ ಹೀಗೆಯೇ ಬಾಡುತ್ತದೆ ಎಂದು ಅವಳು ಮಗಳ ಮೊಬೈಲಿನಲ್ಲಿ ನೋಡಿ ತಿಳಿದಿದ್ದಳು. ಕೆಳಗೆ ಗಂಡ ಮಂಜುನಾಥ್ ಟಿವಿ ಹಾಕಿಕೊಂಡು ಕೂತಿದ್ದ. ಭಾನುವಾರ. ಹತ್ತು ಗಂಟೆಯ ಹೊತ್ತಿಗೆ ಅವನ ಅಕ್ಕ ಲತಾ ಕೆಂಗೇರಿಯಿಂದ ಬರುವವಳಿದ್ದಳು. ನಾಳಿದ್ದು ಅತ್ತೆ ಅಂಜನಮ್ಮನವರ ವರ್ಷದ ಕಾರ್ಯ. ಗಿಡ ಲತಾ ತಂದುಕೊಟ್ಟದ್ದು, ಬಂದ ಕೂಡಲೇ ನೋಡಲು ಮೇಲೆ ಹತ್ತುತ್ತಾಳೆ. ಕುಂಡವನ್ನು ನೀರಿನ ಟ್ಯಾಂಕಿನ ಹಿಂದೆ ಸರಿಸಿಡೋಣವೇ ಎಂದು ಯೋಚಿಸಿ, ಅರ್ಧ ಎಳೆದು, ನಾಚಿಕೆಯಾಗಿ ಬಿಟ್ಟಳು.

ಅವಳಿಗೆ ವಾಸನೆ ಹೋದದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಮಂದಿಯೆಲ್ಲ ಜ್ವರದಲ್ಲಿ ಮಲಗಿದ್ದ ಆ ಮೇ ತಿಂಗಳಲ್ಲಿ ಮೂವರಿಗೆ ಹೋಗಿತ್ತು, ಇಬ್ಬರಿಗೆ ಬಂತು. ಮಗಳು ಇಂಚರಾ ಒಂದು ಬೆಳಿಗ್ಗೆ ಕಾಫಿಯ ಲೋಟಕ್ಕೆ ಮೂಗು ತೂರಿಸಿ ‘ಬಂತು ಬಂತು’ ಎಂದು ಕುಣಿದಳು. ಮಂಜುನಾಥನಿಗೆ ಅದರ ಮರುವಾರ ಬಂತು. ಅತ್ತೆಗೆ ಹೋಗಿಯೇ ಇರಲಿಲ್ಲ. ನಿನಗೆ ಎಂದು ಗಂಡ ಕೇಳಿದಾಗ ಕೋಕಿಲಾ ‘ಹೂಂ, ಬಂತು’ ಅಂದಳು. ನಾಳೆಯೋ ನಾಡಿದ್ದೋ ಬರುವುದೇ ಅಲ್ಲವೇ, ಒಂದು ದಿನ ಮೊದಲೇ ಹೇಳಿದರೇನು ಎಂದುಕೊಂಡಿದ್ದಳು. ಬರಲಿಲ್ಲ. ಆಮೇಲೆ ಹೇಳುವುದಕ್ಕೆ ಸಂಕೋಚವಾಯಿತು, ಸಂಕೋಚದ ಹಿಂದೆ ಇನ್ನೊಂದು ಭಯವೂ ಇತ್ತು. ವಿಜಯನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಉಗ್ರಪ್ಪನವರ ಕಾಂಡಿಮೆಂಟ್ಸ್ ಅಂಗಡಿಗೆ ಅವಳ ಸಾರಿನ ಪುಡಿ ಹೋಗುತ್ತಿತ್ತು. ಆರು ಬೀದಿಯ ಜನ ಹೆಸರು ಕೇಳಿ ಒಯ್ಯುತ್ತಿದ್ದ ಪುಡಿ. ಮೂಗಿಲ್ಲದವಳು ಹುರಿದ ಪುಡಿ ಎಂದರೆ ಯಾರು ಕೊಳ್ಳುತ್ತಾರೆ? ಹಾಗಾಗಿ ಧನಿಯವನ್ನು ಬಣ್ಣ ನೋಡಿ, ಜೀರಿಗೆಯನ್ನು ಸದ್ದು ಕೇಳಿ, ಮೆಣಸಿನಕಾಯಿಯನ್ನು ಕೈಯಲ್ಲಿ ಮುರಿದು ನೋಡಿ ಹುರಿಯುವುದನ್ನು ಕಲಿತಳು. ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟನ್ನು ಎತ್ತಿ ಮೂಸುವ ಶಾಸ್ತ್ರ ಮಾಡಿದಳು. ಯಾರಾದರೂ ಮಲ್ಲಿಗೆ ಮುಡಿಸಿದರೆ ಕಣ್ಣು ಅರೆ ಮುಚ್ಚಿ ಆಹಾ ಅಂದಳು. ಅದು ಅಷ್ಟೇನೂ ಕಷ್ಟವಲ್ಲ. ಎಲ್ಲರೂ ಮೂಸಿ ನೋಡಿದ ಮೇಲೆ ಒಂದೇ ಥರ ಮುಖ ಮಾಡುತ್ತಾರೆ.

ಅತ್ತೆಗೆ ಗೊತ್ತಿತ್ತೇನೋ. ಸೊಂಟದ ಮೂಳೆ ಮುರಿದು ಮಲಗುವುದಕ್ಕೆ ಮೊದಲು ಅವರು ಅಡುಗೆಮನೆಯ ಹೊಸ್ತಿಲ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂರುತ್ತಿದ್ದರು, ಮಲಗಿದ ಮೇಲೆ ರೂಮಿನಿಂದಲೇ ಕೂಗುತ್ತಿದ್ದರು. ‘ಸಾಕು ಕಣೇ, ಇಳಿಸು.’ ‘ಇನ್ನೊಂದು ಚೂರು ಬಿಡು.’ ‘ಮೆಂತ್ಯ ಸೀದೋಗುತ್ತೆ ನೋಡು.’ ಮೊದಮೊದಲು ಅದು ಅತ್ತೆಯ ಜೋರು ಎಂದು ಕೋಕಿಲಾಗೆ ಸಿಟ್ಟು ಬರುತ್ತಿತ್ತು. ಆಮೇಲೆ ಬಾಣಲೆ ಇಡುವ ಮೊದಲು ರೂಮಿನ ಬಾಗಿಲು ತೆರೆದಿದೆಯೇ ಎಂದು ಅವಳೇ ನೋಡಿಕೊಳ್ಳತೊಡಗಿದಳು. ಈ ಬಗ್ಗೆ ಇಬ್ಬರೂ ಯಾವತ್ತೂ ಮಾತಾಡಲಿಲ್ಲ. ಅವರು ಹೋದ ಎರಡು ತಿಂಗಳಿಗೆ ಉಗ್ರಪ್ಪನವರು ಪೊಟ್ಟಣ ಬಿಚ್ಚಿ ಮೂಸಿ, ಅಂಗಡಿಯ ತುಂಬ ಗಿರಾಕಿಗಳಿರುವಾಗ, ‘ಏನಮ್ಮಾ, ಮೆಂತ್ಯ ಸೀದಿದೆಯಲ್ಲಾ. ನೀವೇ ಹುರಿದ್ರಾ, ಇಲ್ಲಾ ಬೇರೆಯವರ ಕೈಲಿ ಮಾಡಿಸಿದ್ರಾ?’ ಅಂದರು. ‘ಸ್ಟವ್ ಸರಿ ಇರ್ಲಿಲ್ಲ ಸಾರ್’ ಅಂದಳು. ಬೆಲ್ಲ ಕೊಳ್ಳುತ್ತಿದ್ದ ಹೆಂಗಸೊಬ್ಬಳು ಅವಳನ್ನು ತಿರುಗಿ ನೋಡಿದಳು. ಅವತ್ತು ಮನೆಗೆ ಬಂದು ಅಷ್ಟೂ ಪುಡಿಯನ್ನು ಚೆಲ್ಲಿ, ಮತ್ತೆ ಹುರಿದು, ಅದೂ ಸೀದಿದೆಯೋ ಏನೋ ತಿಳಿಯದೆ ಬಾಣಲೆಯ ಮುಂದೆ ನಿಂತಿದ್ದಳು.

ಆ ರೂಮು. ಕಿಟಕಿಗೆ ಹಸಿರು ಪರದೆ, ಮಂಚದ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ಸಕ್ಕರೆ ಕಾಯಿಲೆಯ ಮಾತ್ರೆಗಳ ಡಬ್ಬಿ. ಬಟ್ಟೆ ಬದಲಿಸುವುದು, ಒರೆಸುವುದು, ಪೌಡರ್ ಹಾಕುವುದು, ಎಲ್ಲ ಕೋಕಿಲಾಳ ಕೈಯಲ್ಲೇ ಆಗುತ್ತಿತ್ತು. ಆಯಾ ಬೇಡ ಎಂದು ಅತ್ತೆಯೇ ಹಟ ಹಿಡಿದಿದ್ದರು. ಬಂದ ಒಬ್ಬಳು ಮೂಗಿಗೆ ಸೆರಗು ಸುತ್ತಿಕೊಂಡು ಕೆಲಸ ಮಾಡಿದಳೆಂದು ಅವಳನ್ನು ಎರಡೇ ದಿನಕ್ಕೆ ಓಡಿಸಿದ್ದರು. ಕಾಲು ಸದಾ ತಣ್ಣಗಿರುತ್ತಿತ್ತು. ಇಂಚರಾ ಹಾಸ್ಟೆಲಿಗೆ ಹೋಗುವ ಮುಂಚೆ ಉಣ್ಣೆಯ ಕಾಲುಚೀಲ ತಂದು ಹಾಕಿದ್ದಳು. ಎರಡು ದಿನಕ್ಕೊಮ್ಮೆ ಅದನ್ನು ಬಿಚ್ಚಿ ಪಾದ ತೊಳೆದು ನೋಡಬೇಕು, ಸಕ್ಕರೆ ಇರುವವರ ಹಿಮ್ಮಡಿ ಹುಷಾರು ಎಂದು ಡಾಕ್ಟರು ಹೇಳಿದ್ದರು. ಒಂದು ದಿನ ಬಿಚ್ಚಲು ಹೋದಾಗ ಅತ್ತೆ ‘ಇವತ್ತು ಬೇಡ ಕಣೇ, ಚಳಿ’ ಅಂದರು. ಆಯ್ತು ಎಂದಳು. ಅವತ್ತು ಅಂಗಡಿಗೆ ಇಪ್ಪತ್ತು ಪೊಟ್ಟಣ ಹೋಗಬೇಕಿತ್ತು. ಮತ್ತೊಂದು ದಿನವೂ ಬೇಡ ಅಂದರು, ಆವತ್ತೂ ಆಯ್ತು ಅಂದಳು. ಹಾಗೆ ಎಷ್ಟು ಸಲ ಅಂದೆ ಎಂಬ ಜಾಗಕ್ಕೆ ಬಂದಾಗ ಪ್ರತಿ ಸಲವೂ ಕೋಕಿಲಾಳ ಮನಸ್ಸು ಪಕ್ಕಕ್ಕೆ ಸರಿದು ಬೇರೆ ಏನನ್ನಾದರೂ ಹಿಡಿದುಕೊಳ್ಳುತ್ತಿತ್ತು. ಈಗಲೂ ಹಾಗೇ ಆಯಿತು: ಕುಂಡದ ಅಂಚಿನಲ್ಲಿ ಸಾಲುಗಟ್ಟಿ ಹೋಗುತ್ತಿದ್ದ ಕಟ್ಟಿರುವೆಗಳನ್ನು ನೋಡತೊಡಗಿದಳು. ಈ ಗಿಡಕ್ಕೆ ಇರುವೆ ಬರುವುದಿಲ್ಲ ಅಂದಿದ್ದರು.

ಲ್ಯಾವೆಂಡರ್ ಬಂದದ್ದು ಆ ದಿನಗಳಲ್ಲೇ. ಲತಾ ಕೆಂಗೇರಿಯಲ್ಲಿ ಹೈಸ್ಕೂಲು ಮೇಡಂ. ಶಾಲೆಯ ದಾರಿಯಲ್ಲಿರುವ ನರ್ಸರಿಯಲ್ಲಿ ಕೊಂಡಿದ್ದಳಂತೆ. ‘ನೇರಳೆ ಎಲ್ಲಾ ಖಾಲಿ, ಬಿಳೀದು ಯಾರೂ ತಗೋಳಲ್ಲ ಮೇಡಂ ಅಂತ ಕೊಟ್ಟ. ರೂಮಲ್ಲಿಡು, ಘಮ್ ಅನ್ನುತ್ತೆ’ ಎಂದು ಕುಂಡ ಕೊಟ್ಟು, ತಾಯಿಯ ಹತ್ತಿರ ಐದೇ ನಿಮಿಷ, ಅದೂ ಬಾಗಿಲ ಹತ್ತಿರವೇ, ನಿಂತು ಮಾತಾಡಿಸಿ ಹೋಗಿದ್ದಳು. ರೂಮಿನಲ್ಲಿಡು ಎಂದು ಯಾಕೆ ಹೇಳಿದಳೆಂದು ಕೋಕಿಲಾಗೆ ಅವತ್ತು ಹೊಳೆಯಲಿಲ್ಲ. ಅತ್ತೆ ಒಂದು ಹೂವನ್ನು ಬೆರಳಲ್ಲಿ ತಿರುಗಿಸಿ ‘ಬಿಳೀದು ಒಳ್ಳೇದಾಯ್ತು, ಈಶ್ವರನಿಗಾಗುತ್ತೆ’ ಅಂದರು. ಮೂರು ವಾರ ಕಳೆದು ಲತಾ ಮತ್ತೆ ಬಂದಳು. ಈ ಸಲ ಬಾಗಿಲಲ್ಲೇ ಸೆರಗು ಮೂಗಿಗೆ ಹೋಯಿತು. ‘ಕೋಕಿಲಾ, ಏನೋ ಸತ್ತಿದೆ ಇಲ್ಲಿ’ ಎಂದು ಕೂಗಿದಳು, ಮಂಚದ ಕೆಳಗೆ ಬಗ್ಗಿ ಇಲಿ ಹುಡುಕಿದಳು. ಆಮೇಲೆ ಹೊದಿಕೆ ಸರಿಸಿ ಕಾಲುಚೀಲ ಎಳೆದಳು. ಹಿಮ್ಮಡಿ ಕಪ್ಪಾಗಿತ್ತು, ಚೀಲಕ್ಕೆ ಅಂಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ರಕ್ತಕ್ಕೆ ನಂಜೇರಿದೆ ಅಂದರು, ಕಾಲು ತೆಗೆಯಬೇಕು ಅಂದರು, ಅಷ್ಟರಲ್ಲಿ ತೀರಿಕೊಂಡರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಮಂಜುನಾಥ್ ಒಂದೇ ಸಲ ಕೇಳಿದ್ದು: ‘ನಿಂಗೆ ಗೊತ್ತಾಗ್ಲಿಲ್ವಾ?’ ಅವಳು ಅತ್ತೆಯ ಬಟ್ಟೆಯ ಚೀಲ ಎತ್ತಿಕೊಂಡು ವಾರ್ಡಿನೊಳಗೆ ಹೋದಳು. ಅವನು ಮತ್ತೆ ಕೇಳಲೂ ಇಲ್ಲ. ನಾಯಂಡಹಳ್ಳಿಯ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದವನು ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ, ಊಟ ಮಾಡುತ್ತಿದ್ದ, ಬಡಿಸಿದ್ದಕ್ಕೆ ಸಾಕು ಅನ್ನುತ್ತಿದ್ದ, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಹೊಡೆದಾಡಿದ್ದರೆ ಒಳ್ಳೆಯದಿತ್ತು. ಹದಿಮೂರರ ದಿನ ಬಳಗದ ಹೆಂಗಸರು ಪಾತ್ರೆ ತೊಳೆಯುತ್ತ ಮಾತಾಡಿದ್ದು ಅವಳ ಕಿವಿಗೆ ಬಿದ್ದಿತ್ತು: ಹತ್ತಿರ ಹೋಗಿದ್ದರೆ ತಾನೆ ನಾತ ಬರುವುದು. ಆಗಲೇ ಎದ್ದು ಹೋಗಿ, ನನಗೆ ನಾತ ಬರುವುದಿಲ್ಲ, ಮೂಗು ಹೋಗಿದೆ, ಮೂರು ವರ್ಷದಿಂದ ಸುಳ್ಳು ಹೇಳಿದ್ದೇನೆ ಅನ್ನಬಹುದಿತ್ತು. ಬಾಯಿ ಬರಲಿಲ್ಲ. ಅಳುವೂ ಬರಲಿಲ್ಲ. ಒಂದು ವರ್ಷದಿಂದ ಅವಳಿಗೆ ಏನೂ ಬಂದಿಲ್ಲ. ಇಂಚರಾ ಫೋನಿನಲ್ಲಿ ‘ಅಮ್ಮಾ, ಹೆಂಗಿದೀಯ’ ಅಂದರೆ ‘ಚೆನ್ನಾಗಿದೀನಿ’ ಅನ್ನುತ್ತಾಳೆ, ಅದು ಸುಳ್ಳೂ ಅಲ್ಲ. ಚಳಿಗೆ ಮರಗಟ್ಟಿದ ಕಾಲಿಗೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಹಾಗಿದ್ದಾಳೆ. ಮೂಗಿನ ಜೊತೆ ಹೋದದ್ದು ಇನ್ನೂ ಏನೇನು ಎಂದು ಕೆಲವು ಸಲ ಲೆಕ್ಕ ಹಾಕಲು ಕೂತು, ಬೇಜಾರಾಗಿ ಎದ್ದುಬಿಡುತ್ತಾಳೆ.

ಗಿಡ ಒಂದನ್ನು ಮಾತ್ರ ಶ್ರದ್ಧೆಯಿಂದ ನೋಡಿಕೊಂಡಿದ್ದಳು. ಅದನ್ನು ರೂಮಿನಿಂದ ತಂದು ತಾರಸಿಯ ದಕ್ಷಿಣದ ಗೋಡೆಗೆ ಇಟ್ಟಳು, ದಿನಕ್ಕೆ ಆರು ತಾಸು ಬಿಸಿಲು ಬೀಳುವ ಕಡೆ. ನರ್ಸರಿಯ ಗೊಬ್ಬರದ ಮಣ್ಣು ಕೊಡವಿ, ಮಣ್ಣಿನ ಕುಂಡದಲ್ಲಿ ಒಡೆದ ಹೆಂಚಿನ ಚೂರು, ಅದರ ಮೇಲೆ ಅರ್ಧದಷ್ಟು ಮರಳು ಬೆರೆಸಿದ ಕೆಂಪು ಮಣ್ಣು, ಒಂದು ಚಿಟಿಕೆ ಸುಣ್ಣ. ಸುಖ ಕೊಟ್ಟರೆ ಸಾಯುವ ಗಿಡ. ಬರಡು ಮಣ್ಣು ಬೇಕು, ಬಿಸಿಲು ಬೇಕು, ನೀರು ಬೇಡ. ಫೆಬ್ರವರಿಯಲ್ಲಿ ಹೂವು ಬಿಟ್ಟಿತು. ಸಣ್ಣ ತೆನೆಗಳಲ್ಲಿ ಬಿಳಿ ಹೂವು. ಒಣಗಿದ ಮೇಲೆ ಕಂದಾಗುತ್ತಿತ್ತು. ಹೂವು ಮುಗಿದ ಕಡ್ಡಿಗಳನ್ನು ಕತ್ತರಿಯಿಂದ ಕತ್ತರಿಸಿ, ಕಟ್ಟಿಗೆಯಾದ ಭಾಗಕ್ಕೆ ತಾಗದ ಹಾಗೆ ಎಲೆ ಇರುವಲ್ಲಿಗೇ ನಿಲ್ಲಿಸಿ, ಗುಂಡಗೆ ಮಾಡುತ್ತಿದ್ದಳು. ತಾರಸಿಗೆ ಬಂದವರು ಎಲೆ ಹೊಸಕಿ ಮೂಸಿ, ಅವಳ ಮೂಗಿಗೂ ಹಿಡಿಯುತ್ತಿದ್ದರು. ಅವಳು ಅದೇ ಮುಖ ಮಾಡುತ್ತಿದ್ದಳು. ಹೂವಿಗೆ ಬಣ್ಣವೂ ಇಲ್ಲ, ಅವಳ ಮಟ್ಟಿಗೆ ವಾಸನೆಯೂ ಇಲ್ಲ. ಕೈಯಲ್ಲಿ ಮುಟ್ಟಿದರೆ ಇದೆ ಅಷ್ಟೆ. ಅದು ಅವಳಿಗೆ ಹಿಡಿಸಿತ್ತು. ಮಳೆಗಾಲದಲ್ಲಿ ಶೀಟಿನ ಕೆಳಗೆ ಎತ್ತಿಟ್ಟಳು. ಅಕ್ಟೋಬರಿನ ಜಡಿಮಳೆಯ ಒಂದು ಹನಿಯೂ ಅದರ ಮೇಲೆ ಬೀಳದಂತೆ ಕಾದಳು. ಇಷ್ಟೆಲ್ಲ ಮಾಡಿದ್ದು ಗಿಡಕ್ಕೋ ತನಗೋ ಎಂದು ಯಾರೂ ಕೇಳಲಿಲ್ಲ.

ಕೆಳಗೆ ಗೇಟಿನ ಸದ್ದಾಯಿತು. ‘ಬಾ ಅಕ್ಕ’ ಎಂದು ಮಂಜುನಾಥ್ ಅಂದದ್ದು, ಲತಾ ಚಪ್ಪಲಿ ಬಿಡುತ್ತ ‘ಮೆಟ್ರೋಲಿ ಏನು ರಶ್ಶೋ ಮಾರಾಯ, ಇವತ್ತು ಭಾನುವಾರ ಬೇರೆ, ಎಲ್ಲಿಗೆ ಹೋಗ್ತಾರೋ ಜನ’ ಅಂದದ್ದು ಕೇಳಿಸಿತು. ಕೋಕಿಲಾ ಇಳಿದು ಹೋಗಿ ನೀರು ಕೊಟ್ಟಳು, ಕಾಫಿ ಮಾಡಿದಳು. ಲತಾ ಬೆಳ್ಳಗಾದ ಕೂದಲಿಗೆ ಈಗ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಳು, ಒಂದು ವರ್ಷದಲ್ಲಿ ಅವಳ ಮುಖ ತಾಯಿಯದರ ಹಾಗಾಗಿತ್ತು. ಮಂಗಳವಾರಕ್ಕೆ ಎಷ್ಟು ಎಲೆ, ಯಾರ್‍ಯಾರಿಗೆ ಹೇಳಿದ್ದಾಗಿದೆ, ಎಡೆಗೆ ಏನೇನು ಎಂದು ಅಕ್ಕ ತಮ್ಮ ಮಾತಾಡಿದರು. ಅಮ್ಮನಿಗೆ ಹುರುಳಿಕಾಳಿನ ಸಾರು ಇಷ್ಟ ಎಂದು ಮಂಜುನಾಥ್ ಹೇಳಿದಾಗ, ಅದು ಕೋಕಿಲಾ ಮಾಡುತ್ತಿದ್ದ ಸಾರು ಎಂಬುದನ್ನು ಅವನೂ ನೆನೆಯಲಿಲ್ಲ, ಅವಳೂ ನೆನಪಿಸಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಲತಾ ಎದ್ದಳು. ‘ಗಿಡ ಹೆಂಗಿದೆ ನೋಡ್ಕೊಂಡು ಬರೋಣ ಬಾರೇ’ ಅಂದಳು. ಅಂದುಕೊಂಡ ಹಾಗೇ ಆಯಿತು. ಮೆಟ್ಟಿಲು ಹತ್ತುವಾಗ ಲತಾಳ ಹಿಮ್ಮಡಿ ಅವಳ ಕಣ್ಣ ಮುಂದೆಯೇ ಇತ್ತು, ಬಿರುಕು ಬಿಟ್ಟ, ತೊಳೆದ ಹಿಮ್ಮಡಿ. ಕೋಕಿಲಾ ಮೆಟ್ಟಿಲಿನ ಕಂಬಿ ನೋಡಿಕೊಂಡು ಹತ್ತಿದಳು.

‘ಅಯ್ಯೋ, ಏನೇ ಹಿಂಗಾಗಿದೆ ಇದು!’

‘ಗೊತ್ತಿಲ್ಲ ಅತ್ತಿಗೆ. ನೀರು ಕಮ್ಮೀನೇ ಹಾಕ್ತಿದ್ದೆ. ಮಳೆಗೂ ಬಿಟ್ಟಿಲ್ಲ.’

ಲತಾ ಬಗ್ಗಿ ಗಿಡದ ಬುಡ ಹಿಡಿದು ಮೆಲ್ಲಗೆ ಎಳೆದಳು. ಅದು ಏನೂ ತಡೆಯಿಲ್ಲದೆ ಕೈಗೆ ಬಂತು. ಬೇರುಗಳು ಕುಂಡದಲ್ಲೇ ಉಳಿದವು. ಉಳಿದವು ಅನ್ನುವುದಕ್ಕೂ ಇಲ್ಲ, ಕಪ್ಪಗೆ ಲೋಳೆಯಾಗಿದ್ದವು. ತಕ್ಷಣ ಲತಾಳ ಎಡಗೈ ಸೆರಗು ಎಳೆದು ಮೂಗು ಮುಚ್ಚಿತು. ಆ ಕೈ, ಆ ಸೆರಗು, ಮುಖದ ಆ ತಿರುವು. ಒಂದು ವರ್ಷದ ಹಿಂದೆ ಬಾಗಿಲಲ್ಲಿ ಕಂಡದ್ದು ಅದೇ. ಕೋಕಿಲಾ ಅಲ್ಲಾಡದೆ ನಿಂತಳು. ಅವಳ ಮುಂದೆ ಒಂದು ಕುಂಡ, ಒದ್ದೆ ಮಣ್ಣು, ಬಿಸಿಲು, ಅಷ್ಟೇ ಇದ್ದವು.

‘ಅಪ್ಪಾ! ಕೊಳೆತ ಮೊಸರಿನ ನಾತ ಕಣೇ ಇದು! ಏನು ಹಾಕಿದೀಯ ಇದಕ್ಕೆ?’

‘ಅಭಿಷೇಕದ್ದು’ ಎಂದಳು ಕೋಕಿಲಾ. ಹೇಳುವಾಗಲೇ ಅವಳಿಗೆ ತಿಳಿಯತೊಡಗಿತು. ‘ಕಾರ್ತೀಕ ಸೋಮವಾರ ಇವರು ಲಿಂಗಕ್ಕೆ ಪಂಚಾಮೃತ ಮಾಡಿದ್ರು. ಅದನ್ನ ಮೋರಿಗೆ ಚೆಲ್ಲೋ ಹಾಗಿಲ್ಲ, ಯಾರೂ ತುಳೀಬಾರ್ದು. ಮನೆ ಮುಂದೆ ಎಲ್ಲಾ ಸಿಮೆಂಟು. ಅದಕ್ಕೇ ಇಲ್ಲಿ ತಂದು ಹಾಕ್ತಿದ್ದೆ. ಅತ್ತೇದು ಗಿಡ ಅಲ್ವಾ ಅಂತ.’

‘ಹಾಲು, ಮೊಸರು, ತುಪ್ಪ ಎಲ್ಲಾನೂ?’

‘ಹೂಂ. ಎಷ್ಟು ವಾರನೋ ಅಷ್ಟೂ ವಾರ.’

ನೀರಿನ ಬಗ್ಗೆ ಅಷ್ಟು ಎಚ್ಚರವಿದ್ದವಳು. ಪಂಚಾಮೃತ ನೀರಿನ ಲೆಕ್ಕಕ್ಕೆ ಬರುತ್ತದೆಂದು ಹೊಳೆದಿರಲಿಲ್ಲ, ಅದು ತೀರ್ಥವಾಗಿತ್ತು. ಪ್ರತಿ ಸೋಮವಾರ ಬೆಳ್ಳಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಕಾಲಿನ ಮೇಲೆ ಹನಿ ಬೀಳದ ಹಾಗೆ ಮೆಟ್ಟಿಲು ಹತ್ತಿ, ಬುಡಕ್ಕೆ ಸುರಿದು, ಕಣ್ಣಿಗೊತ್ತಿಕೊಂಡು ಇಳಿದಿದ್ದಳು. ಎರಡನೆಯ ವಾರಕ್ಕೇ ಹುಳಿ ಬಂದಿರಬೇಕು. ಮೂಗಿದ್ದ ಯಾರಿಗಾದರೂ ಮೂರನೆಯ ವಾರ ಕುಂಡದ ಕಡೆ ಬಗ್ಗಿದಾಗಲೇ ಗೊತ್ತಾಗುತ್ತಿತ್ತು. ನಾಲ್ಕನೆಯ ವಾರವೂ ಅವಳು ಸುರಿದಿದ್ದಳು. ತನ್ನ ಕೈಯಲ್ಲಿ ಇದು ಎರಡನೆಯದು ಎಂಬ ಮಾತು ತಲೆಯೊಳಗೆ ಬಂತು, ಯಾರೋ ಪಕ್ಕದ ಮನೆಯವರ ವಿಷಯ ಹೇಳಿದ ಹಾಗೆ ಬಂದು ನಿಂತಿತು. ದೂರದಲ್ಲಿ ಮೆಟ್ರೋ ಸ್ಟೇಷನ್ನಿಗೆ ಬಂದು ನಿಂತ ಸದ್ದು ಕೇಳಿಸಿತು. ಈಗ ಲತಾ ಕೇಳುತ್ತಾಳೆ, ನಿನಗೆ ನಾತ ಬರಲಿಲ್ಲವೇ ಎಂದು. ಕೇಳಿದ ಮೇಲೆ ತಾನು ಏನನ್ನಾದರೂ ಹೇಳಲೇಬೇಕಾಗುತ್ತದೆ.

ಆದರೆ ಲತಾ ಅದನ್ನು ಕೇಳಲಿಲ್ಲ. ಕೋಕಿಲಾಳ ಮುಖವನ್ನೇ ನೋಡುತ್ತಿದ್ದವಳು ಮೂಗಿನ ಮೇಲಿನ ಸೆರಗನ್ನು ನಿಧಾನವಾಗಿ ಬಿಟ್ಟಳು. ಬಿಟ್ಟ ಕೈಯನ್ನು ತಾನೇ ಒಮ್ಮೆ ನೋಡಿಕೊಂಡಳು. ಆಮೇಲೆ ತಾರಸಿಯ ನೆಲದ ಮೇಲೆಯೇ, ಇಸ್ತ್ರಿ ಸೀರೆಯಲ್ಲಿ, ಕೂತುಬಿಟ್ಟಳು.

‘ನೋಡು, ಈಗ್ಲೂ ನೀನು ಮುಖ ಸಿಂಡರಿಸಲ್ಲ’ ಅಂದಳು. ‘ಅಮ್ಮ ಫೋನಲ್ಲಿ ಹೇಳೋರು ಕಣೇ. ನೀನು ಬಂದ್ರೆ ಬಾಗಿಲಲ್ಲೇ ನಿಂತ್ಕೋತೀಯ ಲತಾ, ಮಂಜುನೂ ಅಷ್ಟೆ, ಅಲ್ಲಿಂದ್ಲೇ ಅಮ್ಮಾ ಅಂತಾನೆ, ಕೋಕಿಲಾ ಒಬ್ಳೇ ನನ್ನ ಹತ್ರ ಬಂದ್ರೆ ಮನುಷ್ಯರ ಹತ್ರ ಬಂದಂಗೆ ಬರ್ತಾಳೆ ಅಂತ. ನಾನು ಹೆತ್ತ ಮಗಳು. ಅವತ್ತು ಅಮ್ಮನ ಕಣ್ಣ ಮುಂದೆ ಮೂಗು ಮುಚ್ಕೊಂಡೆ. ಅಮ್ಮ ನೋಡಿದ್ರು ಕಣೇ. ನೋಡಿ ಮುಖ ಆ ಕಡೆ ತಿರುಗಿಸ್ಕೊಂಡ್ರು. ಆಮೇಲೆ ಆರು ದಿನ ನನ್ನ ಹತ್ರ ಮಾತಾಡ್ಲಿಲ್ಲ, ಹಂಗೇ ಹೋದ್ರು. ನಮ್ಮೋರೆಲ್ಲ ನಿನ್ನ ಬಗ್ಗೆ ಏನೇನೋ ಅಂದಾಗ ನಾನು ಬಾಯಿ ಮುಚ್ಕೊಂಡು ಕೇಳಿಸ್ಕೊಂಡೆ. ಯಾಕಂದ್ರೆ ಅವರು ನಿನ್ನ ಅಂತಿದ್ರೆ ನನ್ನ ಅನ್ನಲ್ವಲ್ಲ.’

ಅವಳು ಅಳುತ್ತಿದ್ದಳು. ಮೇಡಂ ಆಗಿ ಅಭ್ಯಾಸವಾದ ದೊಡ್ಡ ಗಂಟಲು ಅಳುವಾಗ ಸಣ್ಣ ಹುಡುಗಿಯದರ ಹಾಗಾಗಿತ್ತು. ಕೋಕಿಲಾಗೆ ಪಕ್ಕದಲ್ಲಿ ಕೂತು ಬೆನ್ನು ಸವರಬೇಕೆಂದು ಗೊತ್ತಿತ್ತು, ಗೊತ್ತಿದ್ದದ್ದನ್ನು ಮಾಡಿದಳು. ಸುಮ್ಮನಿದ್ದರೆ ಸಾಕಿತ್ತು. ವರ್ಷದಿಂದ ಅವಳ ಮೇಲೆ ಕೂತಿದ್ದ ಮಾತು ಒಂದೇ ಏಟಿಗೆ ಇಳಿದು, ಅದರ ಜಾಗದಲ್ಲಿ ಹೊಗಳಿಕೆ ಬಂದು ಕೂರುತ್ತಿತ್ತು. ನಾಳಿದ್ದು ಎಡೆ ಇಡುವಾಗ ಲತಾ ಇದನ್ನೇ ನಾಲ್ಕು ಜನರ ಮುಂದೆ ಹೇಳುತ್ತಾಳೆ, ಎಲ್ಲರೂ ತಿರುಗಿ ಅವಳನ್ನು ನೋಡುತ್ತಾರೆ. ಕೋಕಿಲಾಗೆ ಆಸೆಯಾಯಿತು. ಆಸೆಯಾದದ್ದು ತಿಳಿದು ಹೇಸಿಗೆಯೂ ಆಯಿತು. ಅಷ್ಟಾದರೂ ಆಯಿತಲ್ಲ ಅನ್ನಿಸಿತು.

‘ಅತ್ತಿಗೆ, ನಂಗೆ ವಾಸನೆ ಬರಲ್ಲ.’

‘ಏನು?’

‘ಮೂಗು ಹೋಗಿದೆ. ಆ ಜ್ವರದಲ್ಲಿ ಹೋಗಿದ್ದು ಬರ್ಲೇ ಇಲ್ಲ. ನಾಕು ವರ್ಷ ಆಯ್ತು. ಪುಡಿ ವ್ಯಾಪಾರ ಹೋಗುತ್ತೆ ಅಂತ ಯಾರಿಗೂ ಹೇಳ್ಲಿಲ್ಲ.’

ಲತಾ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದಳು. ಕುಂಡಕ್ಕೆ ಕೈ ಹಾಕಿ, ಕಪ್ಪು ಬೇರು ಸಮೇತ ಒಂದು ಹಿಡಿ ಮಣ್ಣು ತೆಗೆದು, ತನ್ನ ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಕೋಕಿಲಾಳ ಮೂಗಿನ ಕೆಳಗೆ ಹಿಡಿದಳು. ಮಕ್ಕಳ ಸುಳ್ಳು ಹಿಡಿಯುವ ಮೇಡಂ ಹಾಗೆ ಅವಳ ಕಣ್ಣನ್ನೇ ನೋಡಿದಳು. ‘ಇದು?’

‘ಇಲ್ಲ.’

‘ಏನೂ ಇಲ್ವಾ?’

‘ಒದ್ದೆ ಮಣ್ಣಿನ ತಂಪು ಗೊತ್ತಾಗುತ್ತೆ. ಅಷ್ಟೆ.’

ಮಣ್ಣು ಲತಾಳ ಕೈಯಿಂದ ಜಾರಿತು. ಕೋಕಿಲಾ ಕಾದಳು. ಬೈಗುಳ ಬರಲಿ, ಶಾಪ ಬರಲಿ, ಅಮ್ಮನನ್ನು ಕೊಂದೆ ಎಂಬ ಮಾತೇ ಬರಲಿ. ಬಂದದ್ದು ಬೇರೆ. ‘ಅಯ್ಯೋ ಪಾಪವೇ’ ಎಂದು ಲತಾ ಮಣ್ಣಿನ ಕೈಯಲ್ಲೇ ಅವಳ ಕೆನ್ನೆ ಹಿಡಿದಳು. ‘ಹೇಳ್ಬಾರ್ದಿತ್ತೇನೇ! ಮೂಗಿಲ್ಲದೋಳಿಗೆ ಹೆಂಗೆ ಗೊತ್ತಾಗುತ್ತೆ? ನಿಂದೇನು ತಪ್ಪಿದೆ ಇದ್ರಲ್ಲಿ? ಆ ಪೆದ್ದ ಮಂಜು ಒಂದು ವರ್ಷದಿಂದ ಮುಖ ಊದಿಸ್ಕೊಂಡು ಕೂತಿದಾನೆ. ಅಕ್ಕಾ, ಅವಳು ನೋಡ್ಕೊಳ್ಳಲಿಲ್ಲ ಅಂತ ನನ್ನ ಹತ್ರ ಎಷ್ಟು ಸಲ ಅತ್ತಿದಾನೆ ಗೊತ್ತಾ? ಇರು, ಈಗ್ಲೇ ಹೇಳ್ತೀನಿ ಅವನಿಗೆ.’ ತಡೆಯುವಷ್ಟರಲ್ಲಿ ಎದ್ದಳು. ಮೆಟ್ಟಿಲು ಇಳಿಯುವ ಅವಳ ಹೆಜ್ಜೆಯಲ್ಲಿ, ಬರುವಾಗ ಇಲ್ಲದಿದ್ದ ಹಗುರ ಇತ್ತು.

ಕೋಕಿಲಾ ಅಲ್ಲೇ ಕೂತು, ಕಿತ್ತುಬಂದ ಗಿಡವನ್ನು ತೊಡೆಯ ಮೇಲಿಟ್ಟುಕೊಂಡಳು. ಬೇರು ಹೋದ ಲ್ಯಾವೆಂಡರಿಗೆ ಮಾಡುವುದು ಒಂದೇ: ಇನ್ನೂ ಹಸಿರಾಗಿರುವ ತುದಿಗಳನ್ನು ನಾಲ್ಕು ಬೆರಳು ಉದ್ದಕ್ಕೆ ಕತ್ತರಿಸಿ, ಹೂವಿದ್ದರೆ ಚಿವುಟಿ, ಕೆಳಗಿನ ಎಲೆ ಬಿಡಿಸಿ, ಬರೀ ಮರಳಿನಲ್ಲಿ ನೆಡಬೇಕು. ಹತ್ತರಲ್ಲಿ ಒಂದೆರಡು ಹಿಡಿಯುತ್ತವೆ. ಕತ್ತರಿ ಶೀಟಿನ ಕೆಳಗೇ ಇತ್ತು. ಒಂದೊಂದೇ ತುದಿ ಕತ್ತರಿಸಿ ಬಿಡಿಸತೊಡಗಿದಳು. ನಿಂದೇನು ತಪ್ಪು. ಇಷ್ಟು ಸಲೀಸಾಗಿ ಸಿಗುತ್ತಿತ್ತೇ ಇದು? ಒಂದು ವರ್ಷ ಮೊದಲೇ ಕೈ ಚಾಚಿದ್ದರೆ ಮೊದಲೇ ಸಿಗುತ್ತಿತ್ತು. ಮೂಗಿನ ವಿಷಯ ಹೇಳಿದರೆ ಎಲ್ಲ ಹೇಳಿದ ಹಾಗೆ ಎಂದು ಅವಳೂ ನಂಬಿದ್ದಳು, ಅದೊಂದನ್ನು ಹೇಳಿಬಿಟ್ಟರೆ ಉಳಿದದ್ದು ತಾನಾಗಿ ಮುಗಿಯುತ್ತದೆ ಎಂದು. ಹೇಳಿದ ಮೇಲೆ ನೋಡಿದರೆ ಉಳಿದದ್ದು ಇದ್ದಲ್ಲೇ ಇತ್ತು. ಈ ಸಲ ಮನಸ್ಸು ಪಕ್ಕಕ್ಕೆ ಸರಿಯಲು ಹೋದಾಗ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಬೇಡ ಕಣೇ ಎಂದು ಅತ್ತೆ ಅಂದಾಗ ತನಗೆ ಸಮಾಧಾನವಾಗುತ್ತಿತ್ತು. ಒಂದು ಕೆಲಸ ಕಮ್ಮಿಯಾಯಿತು ಎಂಬ ಸಮಾಧಾನ. ಅತ್ತೆ ಬೇಡ ಅನ್ನಲಿ ಎಂದು ಕಾಲ ಬಳಿ ಕೈ ಒಯ್ದು ಒಂದು ಕ್ಷಣ ನಿಲ್ಲಿಸುತ್ತಿದ್ದಳು ಸಹ.

ಕೆಳಗೆ ಟಿವಿಯ ಸದ್ದು ನಿಂತಿತು. ಲತಾಳ ದನಿ ಏರಿತು, ಇಳಿಯಿತು. ಆಮೇಲೆ ಮೆಟ್ಟಿಲಿನಲ್ಲಿ ಮಂಜುನಾಥನ ಹೆಜ್ಜೆ. ಬರಿಗಾಲಲ್ಲಿ ಬಂದಿದ್ದ. ವರ್ಷದಿಂದ ಕಂಡಿರದ ಮುಖ ಅದು. ಮದುವೆಯಾದ ಹೊಸದರಲ್ಲಿ, ಅವಳಿಗೆ ಟೈಫಾಯ್ಡ್ ಬಂದಿದ್ದಾಗ, ಗಂಜಿಯ ಲೋಟ ಹಿಡಿದು ನಿಂತಿದ್ದವನ ಮುಖ. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅವಳ ಹೆಗಲ ಮೇಲೆ ಕೈಯಿಟ್ಟ. ಕೈ ಬೆಚ್ಚಗಿತ್ತು, ಭಾರವಾಗಿತ್ತು.

‘ನಾನು ಏನೇನೋ ಅಂದ್ಕೊಂಡ್ಬಿಟ್ಟಿದ್ದೆ ಕಣೇ’ ಅಂದ. ‘ನಂಗೂ ನಾತ ಬಂದಿತ್ತು. ದಿನಾ ಬರ್ತಿತ್ತು. ವಯಸ್ಸಾದೋರ ರೂಮು, ಇರುತ್ತೆ, ನೀನಿದೀಯಲ್ಲ ಅಂತ ಸುಮ್ನಿದ್ದೆ. ಆಮೇಲೆ ಎಲ್ಲಾ ನಿನ್ನ ಮೇಲೆ ಹಾಕ್ಬಿಟ್ಟೆ. ಬಿಡು. ಮುಗೀತು. ಮೂಗಿಲ್ದೆ ನೀನಾದ್ರೂ ಏನು ಮಾಡೋಕಾಗ್ತಿತ್ತು.’

ಆ ಕೈ ಅಲ್ಲೇ ಇರಲಿ ಎಂದು ಅವಳ ಮೈಯೆಲ್ಲ ಬಯಸಿತು. ಇಷ್ಟು ದಿನ ಏನೂ ಬೇಡವಾಗಿದ್ದ ಮೈಗೆ ಅದೊಂದು ಬೇಕೆನ್ನಿಸಿ, ಆ ಬೇಕೆನ್ನುವುದೇ ಎದೆಯಲ್ಲಿ ನೋವಾಗಿ ಎದ್ದಿತು. ಕೈಯಲ್ಲಿದ್ದ ಕಡ್ಡಿಯನ್ನು ಪಕ್ಕಕ್ಕಿಟ್ಟಳು.

‘ಕಣ್ಣಿತ್ತಲ್ಲ ರೀ’ ಅಂದಳು.

ಅವನಿಗೆ ತಿಳಿಯಲಿಲ್ಲ.

‘ಎರಡು ದಿನಕ್ಕೊಂದ್ಸಲ ಕಾಲುಚೀಲ ಬಿಚ್ಚಿ ನೋಡಿ ಅಂತ ಡಾಕ್ಟ್ರು ನಂಗೇ ಹೇಳಿದ್ದು. ಅತ್ತೆ ಬೇಡ ಅಂದ್ರು, ನಂಗೂ ಕೆಲಸ ಇತ್ತು, ಬಿಟ್ಟೆ. ಬಿಚ್ಚಿದ್ರೆ ಕಾಣ್ತಿತ್ತು. ಅದಕ್ಕೆ ಮೂಗು ಬೇಕಾಗಿರ್ಲಿಲ್ಲ.’

ಹೆಗಲ ಮೇಲಿನ ಕೈ ತಕ್ಷಣ ಹೋಗಲಿಲ್ಲ. ಮೊದಲು ಅದರ ಭಾರ ಹೋಯಿತು, ಆಮೇಲೆ ಬಿಸಿ ಹೋಯಿತು. ಮಂಜುನಾಥ್ ಎದ್ದು ನಿಂತು ತಾರಸಿಯ ಗೋಡೆ ಹಿಡಿದುಕೊಂಡು, ಬೀದಿಯ ಕಡೆ ಮುಖ ಮಾಡಿ ಕೇಳಿದ:

‘ಎಷ್ಟು ದಿನ ಬಿಚ್ಚಿರ್ಲಿಲ್ಲ?’

ಅವಳು ಯೋಚಿಸಬೇಕಾಗಿರಲಿಲ್ಲ.

‘ಹನ್ನೊಂದು ದಿನ’ ಅಂದಳು.